‘ನರ ಸಿಗುತ್ತಿಲ್ಲ’ ಎಂದಾಗ

ಡ್ರಿಪ್ ಹಾಕುವಾಗ ‘ನರ ಸಿಗುತ್ತಿಲ್ಲ’ ಎಂಬ ಮಾತನ್ನು ನೀವು ಕೇಳಿರಬಹುದು. ನಾವು ನರ ಎನ್ನುವುದು ಇಲ್ಲಿ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ವಾಂತಿಭೇದಿಯಿಂದ ಬಳಲಿದವರಲ್ಲಿ ಅದು ಕುಗ್ಗಿರುತ್ತದೆ. ದಪ್ಪ ಮೈಯವರಲ್ಲಿ ಆಳದಲ್ಲಿರುತ್ತದೆ. ಶಿಶುಗಳಲ್ಲಿ ತೀರಾ ಸಣ್ಣದು. ವೃದ್ಧರಲ್ಲಿ ಸೂಜಿ ತಾಗುತ್ತಲೇ ಪಕ್ಕಕ್ಕೆ ಜಾರುತ್ತದೆ. ಕಿಮೋಥೆರಪಿ ಪಡೆದವರಲ್ಲಿ ಗಟ್ಟಿಯಾಗಿರಬಹುದು.

ಇಂಥ ನಾಳಕ್ಕೆ ಸೂಜಿ ಹಾಕುವುದನ್ನು ರೋಗಿಯ ಕೈಯಲ್ಲೇ ಮೊದಲು ಕಲಿತರೆ ನೋವು ರೋಗಿಯದ್ದು. ತುರ್ತು ಸ್ಥಿತಿಯಲ್ಲಿ ಔಷಧಿಯೂ ತಡವಾಗುತ್ತದೆ. ಅದಕ್ಕಾಗಿಯೇ ಕೃತಕ ಕೈಯ ಮೇಲೆ ತರಬೇತಿ ಕೊಡುತ್ತಾರೆ. 2019ರ ನಿಯಮಾವಳಿ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಕಡ್ಡಾಯಗೊಳಿಸಿತು.

ಆ ಕೈಗೆ ರಬ್ಬರಿನ ಚರ್ಮ, ಒಳಗೆ ಕೊಳವೆಗಳು, ಅವುಗಳಲ್ಲಿ ಕೆಂಪು ನೀರು. ಕೊಳವೆ ಸಪೂರವಾಗಿ, ಒತ್ತಡ ಕಡಿಮೆಯಾದರೆ ಅದು ಬಳಲಿದ ರೋಗಿಯ ನಾಳದಂತಾಗುತ್ತದೆ. ಮೇಲಿನ ಪದರ ದಪ್ಪವಾದರೆ ನಾಳ ಆಳಕ್ಕಿಳಿದಂತೆ. ಕಲಿಯುವವರು ಕಣ್ಣಿಗಿಂತ ಬೆರಳನ್ನು ನಂಬಲು ಕಲಿಯುತ್ತಾರೆ. ಯುನಾನಿಯ ಫಸ್ದ್ ಚಿಕಿತ್ಸೆಯಲ್ಲೂ ನಾಳವನ್ನು ಬೆರಳಿನಿಂದ ಮುಟ್ಟಿಯೇ ಗುರುತಿಸುತ್ತೇವೆ. ಚರ್ಮವನ್ನು ಕೆಳಕ್ಕೆಳೆದು ಹಿಡಿದರೆ ನಾಳ ಜಾರದು. ಸೂಜಿಯನ್ನು ಓರೆಯಾಗಿ ಚುಚ್ಚಬೇಕು. ಹಿಂಬದಿಯಲ್ಲಿ ಕೆಂಪು ಕಂಡೊಡನೆ ಇನ್ನಷ್ಟು ಬಗ್ಗಿಸಿ, ತುಸು ಮುಂದೊತ್ತಿ, ಬಳಿಕ ಪ್ಲಾಸ್ಟಿಕ್ ಕೊಳವೆಯನ್ನಷ್ಟೇ ಒಳಕ್ಕೆ ಜಾರಿಸಬೇಕು. ಆಳದ ನಾಳಗಳಿಗೆ ಜೆಲ್ ದಿಮ್ಮಿಯ ಮೇಲೆ ಅಲ್ಟ್ರಾಸೌಂಡ್ ನೋಡಿ ಚುಚ್ಚುವ ಅಭ್ಯಾಸವಿದೆ. ಇಲ್ಲಿ ನೂರು ಸಲ ತಪ್ಪಿದರೂ ಯಾರಿಗೂ ನೋವಿಲ್ಲ.

ಆದರೆ ರಬ್ಬರ್ ಕೈ ಅಳುವುದಿಲ್ಲ, ಹೆದರಿ ಹಿಂದೆಳೆಯುವುದೂ ಇಲ್ಲ. ಹಾಗಾಗಿ ನಂತರ ಅನುಭವಿಗಳ ಕಣ್ಗಾವಲಿನಲ್ಲಿ ರೋಗಿಗಳ ಮೇಲೆ ಕಲಿಯುವುದು ಅನಿವಾರ್ಯ.

ನೀವೂ ನೆರವಾಗಬಹುದು. ಹಿಂದೆ ಯಾವ ಕೈಯಲ್ಲಿ ಸುಲಭವಾಗಿ ಸಿಕ್ಕಿತ್ತೆಂದು ಮೊದಲೇ ಹೇಳಿ. ವೈದ್ಯರು ಬೇಡವೆಂದಿರದಿದ್ದರೆ ನೀರು ಕುಡಿಯಿರಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ, ಬೆಚ್ಚಗಿನ ಬಟ್ಟೆ ಸುತ್ತಿ. ಬಟ್ಟೆ ಸುಡುವಷ್ಟು ಬಿಸಿ ಇರಬಾರದು. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿದ ಕೈಗೆ ಚುಚ್ಚಲು ಬಿಡಬೇಡಿ. ಮೂತ್ರಪಿಂಡದ ಕಾಯಿಲೆ ಇದ್ದರೆ ತಿಳಿಸಿ. ಮುಂದೆ ಬೇಕಾಗಬಹುದಾದ ಮುಂಗೈ ನಾಳಗಳನ್ನು ಉಳಿಸಿ, ಅಂಗೈಯ ಹಿಂಬದಿಗೆ ಹಾಕುತ್ತಾರೆ.

ಒಬ್ಬರು ಎರಡು ಬಾರಿ ಯತ್ನಿಸಿಯೂ ಸಿಗದಿದ್ದರೆ ಹೆಚ್ಚು ಅನುಭವವುಳ್ಳವರನ್ನು ಕರೆಸಲು ಸೌಮ್ಯವಾಗಿ ಕೇಳಿ. ಅದು ಅವಮಾನವಲ್ಲ, ಒಳ್ಳೆಯ ಪದ್ಧತಿ. ಡ್ರಿಪ್ ಹಾಕಿದ ಮೇಲೆ ಆ ಜಾಗ ಊದಿದರೆ, ಉರಿದರೆ, ಕೆಂಪಾದರೆ ಕೂಡಲೇ ಹೇಳಿ. ಬೆಳಿಗ್ಗೆ ಹೇಳೋಣವೆಂದು ಕಾಯಬೇಡಿ.