ಕ್ರಾಪು ಮತ್ತು ಬೆಳೆ

ಜುಟ್ಟನ್ನು ತೆಗೆಯಿಸಿ ಕೂದಲನ್ನು ಕತ್ತರಿಸಿಕೊಂಡು ಬಂದ ಹುಡುಗನನ್ನು ನಮ್ಮ ಹಿರಿಯರು 'ಕ್ರಾಪು ಬಿಟ್ಟವನು' ಎಂದು ಕರೆಯುತ್ತಿದ್ದರು. ಇಂಗ್ಲಿಷಿನ ಒಕ್ಕಲುತನದ ಮಾತೊಂದು ಕನ್ನಡಿಗರ ಹೊಲಕ್ಕೆ ಇಳಿಯದೆ ತಲೆಯನ್ನೇರಿ ಕುಳಿತುದು ವಿನೋದವೇ ಸರಿ. ಕತ್ತರಿಸುವ ಮಾತಿಗೆ 'ಬಿಡು' ಎಂಬ ಧಾತುವನ್ನು ಹಚ್ಚಿದುದು ಇನ್ನೂ ವಿನೋದ. ಬೋಳುತಲೆಯ ಪಕ್ಕದಲ್ಲಿ ಅಷ್ಟು ಕೂದಲೂ ಬಿಟ್ಟಂತೆಯೇ ಅಲ್ಲವೆ!

ಆದರೂ ಅರ್ಥವು ಕೆಟ್ಟಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಗಿಡದ ತುದಿ, ತೆನೆ ಎಂದೂ, ಹಕ್ಕಿಯು ನುಂಗಿದ ಕಾಳು ತಂಗುವ ಕೊರಳ ಚೀಲವೆಂದೂ ಅರ್ಥವಿದ್ದಿತು. ತೆನೆಯಿಂದ ಕೊಯ್ದ ತೆನೆಗೂ ಅಲ್ಲಿಂದ ವರ್ಷದ ಫಲಕ್ಕೂ ಅದು ಹರಡಿತು. ಕ್ರಿಯಾಪದವಾದಾಗ ತುದಿಯನ್ನು ಕತ್ತರಿಸುವುದೇ ಮುಖ್ಯಾರ್ಥ: ಕುರಿಯು ಹುಲ್ಲನ್ನು, ಕ್ಷೌರಿಕನು ಕೂದಲನ್ನು.

ನಮ್ಮ 'ಬೆಳೆ'ಯ ಹುಟ್ಟೇ ಬೇರೆ. ಇದು ಕೊಯ್ಯುವ ಮಾತಲ್ಲ, ಏಳುವ ಮಾತು. ನಾಮಪದಕ್ಕೂ ಧಾತುವಿಗೂ ಒಂದೇ ರೂಪ. ಹೊಳಲ್ಕೆರೆಯ ಕಡೆ ಮೆಕ್ಕೆಜೋಳವು ಬೆಳೆಯಿತು ಎಂದರೆ ಅಕರ್ಮಕ. ಹಿರಿಯೂರಿನವರು ಈರುಳ್ಳಿಯನ್ನು ಬೆಳೆದರು ಎಂದರೆ ಸಕರ್ಮಕ. ಹೊಸದುರ್ಗದ ಯಜಮಾನನು ಮಗನಿಂದ ತೆಂಗನ್ನು ಬೆಳೆಯಿಸಿದನು ಎಂದರೆ ಪ್ರೇರಣಾರ್ಥಕ. ಮಕ್ಕಳೂ ಬೆಳೆಯುತ್ತಾರೆ, ಸಾಲವೂ ಬೆಳೆಯುತ್ತದೆ. ಎರಡನೆಯದಕ್ಕೆ ಗೊಬ್ಬರವೂ ಬೇಡ. 'ಫಸಲು' ಎಂಬುದು ಅರಬ್ಬಿಯಿಂದ ಪಾರ್ಸಿಯ ಮೂಲಕ ಬಂದ ನಂಟ. ಅದರ ಮೂಲಾರ್ಥ ವಿಭಾಗ, ಋತು. ಇಷ್ಟೆಲ್ಲ ಇದ್ದರೂ ಹೊಲದಲ್ಲಿ ನಿಂತುದಕ್ಕೂ ಕೊಯ್ದು ಹಾಕಿದುದಕ್ಕೂ ನಾವು 'ಬೆಳೆ' ಎಂಬ ಒಂದೇ ಮಾತನ್ನು ಆಡುತ್ತೇವೆ.

ತೊಡಕಿರುವುದು ಇಲ್ಲಿಯೇ. ಚಿತ್ರದುರ್ಗದ ಸೀಮೆಯಲ್ಲಿ ಶೇಂಗಾ ಗಿಡವನ್ನು ಕಿತ್ತು ಹೊಲದಲ್ಲಿಯೇ ಒಣಗಲು ಹರಡುವುದು ವಾಡಿಕೆ. ಆಗ ಅಕಾಲದ ಮಳೆ ಸುರಿದರೆ ಮನೆಯವರು 'ಬೆಳೆ ಹೋಯಿತು' ಎನ್ನುವರು. ನೆರೆಯವನಿಗೆ ಅಷ್ಟು ಸಾಕು, ವಿಮೆಯ ನಿಯಮಕ್ಕೆ ಸಾಲದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ನಿಂತ ಬೆಳೆಯನ್ನೂ ಕೊಯ್ದು ಹರಡಿದ ಬೆಳೆಯನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಊರೊಟ್ಟಿನ ಇಳುವರಿಯನ್ನು ತಿಳಿಯಲು ಆಯ್ದ ಕೆಲವು ಹೊಲಗಳಲ್ಲಿ ಕೊಯ್ದು ತೂಗಿ ಸರಾಸರಿ ಕಟ್ಟುವರು. ಅದರಲ್ಲಿ ಒಬ್ಬನ ಹೊಲದ ಕಣ್ಣೀರು ಕಾಣಿಸದು. ಕೊಯ್ದು ಹರಡಿದುದರ ನಷ್ಟವನ್ನಾದರೋ ಆಯಾ ಹೊಲದಲ್ಲಿಯೇ ನೋಡುವರು. ಆದರೆ ಕೊಯ್ದ 14 ದಿನಗಳೊಳಗೆ ಕೆಟ್ಟಿರಬೇಕು. ಕೆಟ್ಟ 72 ಗಂಟೆಗಳೊಳಗೆ ತಿಳಿಸಿರಬೇಕು.

ಆದಕಾರಣ ಶೇಂಗಾ ಕಿತ್ತ ದಿನವನ್ನು ಮನೆಯ ಪಂಚಾಂಗದ ಅಂಚಿನಲ್ಲಿ ಗುರುತುಮಾಡಿಡುವುದು ಲೇಸು. ಅಕ್ಷರ ಬಲ್ಲ ಮಗನೋ ಮಗಳೋ ಅರ್ಜಿಯನ್ನು ತುಂಬುವಾಗ ಬರಿಯ 'ಬೆಳೆ ನಷ್ಟ' ಎಂದು ಬರೆದು ಕೈಮುಗಿಯದೆ, 'ಕಿತ್ತು ಒಣಗಲು ಹರಡಿದ ಶೇಂಗಾ' ಎಂದು ಬಿಡಿಸಿ ಬರೆದು, ಕಿತ್ತ ದಿನವನ್ನೂ ಮಳೆ ಬಿದ್ದ ದಿನವನ್ನೂ ಕಾಣಿಸತಕ್ಕದ್ದು.