ತಲೆಬುರುಡೆಯ ತಳಭಾಗದ ಗಡ್ಡೆಗಳಿಗೆ ರೇಡಿಯೋಸರ್ಜರಿ ಚಿಕಿತ್ಸೆ

ಪೀಠಿಕೆ:
ಮೆದುಳಿಗೆ ಆಧಾರವಾಗಿರುವ ಎಲುಬಿನ ಭಾಗವನ್ನು ತಲೆಬುರುಡೆಯ ತಳಭಾಗ ಎಂದು ಕರೆಯಲಾಗುತ್ತದೆ. ಕಣ್ಣು, ಕಿವಿ, ಮುಖ, ನಾಲಿಗೆ ಹಾಗೂ ಗಂಟಲಿಗೆ ಸಂಬಂಧಿಸಿದ ನರಗಳು ಮತ್ತು ಮೆದುಳಿಗೆ ರಕ್ತ ಪೂರೈಸುವ ಪ್ರಮುಖ ರಕ್ತನಾಳಗಳು ಈ ಭಾಗದ ರಂಧ್ರಗಳ ಮೂಲಕ ಹಾದುಹೋಗುತ್ತವೆ. ಆದ್ದರಿಂದ ಇಲ್ಲಿ ಬೆಳೆಯುವ ಗಡ್ಡೆಯು ಕ್ಯಾನ್ಸರ್ ಅಲ್ಲದಿದ್ದರೂ ಶ್ರವಣ, ದೃಷ್ಟಿ ಹಾಗೂ ಮುಖದ ಚಲನೆಗೆ ಧಕ್ಕೆ ತರಬಲ್ಲದು. ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ತೆಗೆಯುವಾಗಲೂ ಇದೇ ನರಗಳಿಗೆ ಹಾನಿಯಾಗುವ ಸಂಭವವಿರುತ್ತದೆ. ಈ ಕಾರಣದಿಂದ ಆಯ್ದ ರೋಗಿಗಳಿಗೆ ರೇಡಿಯೋಸರ್ಜರಿಯನ್ನು ಸೂಚಿಸಲಾಗುತ್ತದೆ.

ರೇಡಿಯೋಸರ್ಜರಿ ಎಂದರೇನು?
ಹೆಸರಿನಲ್ಲಿ ಸರ್ಜರಿ ಎಂದಿದ್ದರೂ ಇದರಲ್ಲಿ ತಲೆಬುರುಡೆಯನ್ನು ತೆರೆಯುವುದಿಲ್ಲ. ಅನೇಕ ದಿಕ್ಕುಗಳಿಂದ ಬರುವ ಸೂಕ್ಷ್ಮ ವಿಕಿರಣ ಕಿರಣಗಳನ್ನು ಗಡ್ಡೆಯ ಮೇಲೆ ಒಂದುಗೂಡಿಸಲಾಗುತ್ತದೆ. ಪ್ರತಿಯೊಂದು ಕಿರಣವೂ ದುರ್ಬಲವಾಗಿರುವುದರಿಂದ ಅದು ಹಾದುಹೋಗುವ ಮೆದುಳಿನ ಭಾಗಕ್ಕೆ ಹೆಚ್ಚಿನ ಹಾನಿಯಾಗುವುದಿಲ್ಲ. ಕಿರಣಗಳು ಕೂಡುವ ಸ್ಥಳದಲ್ಲಿ ಮಾತ್ರ ವಿಕಿರಣ ಪ್ರಮಾಣವು ಅಧಿಕವಾಗಿರುತ್ತದೆ.

ಸ್ವೀಡನ್ ದೇಶದ ನರಶಸ್ತ್ರಚಿಕಿತ್ಸಾ ತಜ್ಞ ಲಾರ್ಸ್ ಲೆಕ್ಸೆಲ್ ಅವರು 1951ರಲ್ಲಿ ಈ ಪರಿಕಲ್ಪನೆಯನ್ನು ಮಂಡಿಸಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ಗಾಮಾ ನೈಫ್ ಉಪಕರಣದಲ್ಲಿ ಕೋಬಾಲ್ಟ್-60 ಮೂಲಗಳನ್ನು ಬಳಸಲಾಗುತ್ತದೆ. 2006ರಲ್ಲಿ ಬಂದ ಮಾದರಿಯಲ್ಲಿ ಇಂತಹ 192 ಮೂಲಗಳಿವೆ. ಲೀನಿಯರ್ ಆಕ್ಸಿಲರೇಟರ್ ಹಾಗೂ ಸೈಬರ್‌ನೈಫ್ ಉಪಕರಣಗಳಿಂದಲೂ ಈ ಚಿಕಿತ್ಸೆಯನ್ನು ನೀಡಬಹುದಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಗಾಮಾ ನೈಫ್ ಸೌಲಭ್ಯವನ್ನು ಹೊಂದಿದೆ.

ಯಾವ ಗಡ್ಡೆಗಳಿಗೆ ಸೂಕ್ತ?
1. ಶ್ರವಣ ಮತ್ತು ಸಮತೋಲನ ನರದ ಹೊದಿಕೆಯಲ್ಲಿ ಬೆಳೆಯುವ ವೆಸ್ಟಿಬ್ಯುಲಾರ್ ಶ್ವಾನೋಮಾ.
2. ಮೆದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ.
3. ಶಸ್ತ್ರಚಿಕಿತ್ಸೆಯ ನಂತರ ಉಳಿದ ಅಥವಾ ಮರುಕಳಿಸಿದ ಪಿಟ್ಯುಟರಿ ಗ್ರಂಥಿಯ ಗಡ್ಡೆ.
4. ಕಿವಿಯ ಕೆಳಭಾಗದ ರಕ್ತನಾಳದ ಬಳಿ ಬೆಳೆಯುವ ಗ್ಲೋಮಸ್ ಗಡ್ಡೆ.

ಸಾಮಾನ್ಯವಾಗಿ 3 ಸೆಂ.ಮೀ.ಗಿಂತ ಚಿಕ್ಕದಾದ ಗಡ್ಡೆಗಳು ಒಂದೇ ಬಾರಿಯ ಚಿಕಿತ್ಸೆಗೆ ಸೂಕ್ತವಾಗಿರುತ್ತವೆ. ಗಡ್ಡೆಯು ದೊಡ್ಡದಾಗಿ ಮೆದುಳುಕಾಂಡವನ್ನು ಒತ್ತುತ್ತಿದ್ದಲ್ಲಿ ಅಥವಾ ದೃಷ್ಟಿಯು ಶೀಘ್ರವಾಗಿ ಕುಂದುತ್ತಿದ್ದಲ್ಲಿ, ಆ ಒತ್ತಡವನ್ನು ರೇಡಿಯೋಸರ್ಜರಿಯು ತಕ್ಷಣ ನಿವಾರಿಸಲಾರದು. ಅಂತಹ ಸಂದರ್ಭದಲ್ಲಿ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆಯಾಗಿರುತ್ತದೆ. ಗಡ್ಡೆಯು ದೃಷ್ಟಿನರಕ್ಕೆ ಅಂಟಿಕೊಂಡಿದ್ದಲ್ಲಿ ವಿಕಿರಣವನ್ನು ಹಲವು ಕಂತುಗಳಲ್ಲಿ ನೀಡುವ ಬಗ್ಗೆ ತಜ್ಞರು ತೀರ್ಮಾನಿಸುತ್ತಾರೆ.

ಚಿಕಿತ್ಸಾ ವಿಧಾನ:
1. ತಲೆಯು ಅಲುಗಾಡದಂತೆ ಸ್ಥಳೀಯ ಅರಿವಳಿಕೆ ನೀಡಿ ಲೋಹದ ಚೌಕಟ್ಟನ್ನು ಅಳವಡಿಸಲಾಗುತ್ತದೆ. ಕೆಲವು ಉಪಕರಣಗಳಲ್ಲಿ ಇದಕ್ಕೆ ಬದಲಾಗಿ ಮುಖಕವಚವನ್ನು ಬಳಸಲಾಗುತ್ತದೆ.
2. ಎಂ.ಆರ್.ಐ. ಹಾಗೂ ಅಗತ್ಯವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಲಾಗುತ್ತದೆ.
3. ತಜ್ಞರ ತಂಡವು ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ ವಿಕಿರಣದ ಯೋಜನೆಯನ್ನು ಸಿದ್ಧಪಡಿಸುತ್ತದೆ. ವೆಸ್ಟಿಬ್ಯುಲಾರ್ ಶ್ವಾನೋಮಾಕ್ಕೆ ಗಡ್ಡೆಯ ಅಂಚಿನಲ್ಲಿ ಸಾಮಾನ್ಯವಾಗಿ 12ರಿಂದ 13 ಗ್ರೇ ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ.
4. ವಿಕಿರಣ ನೀಡುವಾಗ ನೋವಿರುವುದಿಲ್ಲ. ಬಹುತೇಕ ರೋಗಿಗಳು ಅದೇ ದಿನ ಅಥವಾ ಮರುದಿನ ಮನೆಗೆ ತೆರಳಬಹುದು.

ಫಲಿತಾಂಶ ಮತ್ತು ಅಡ್ಡಪರಿಣಾಮಗಳು:
ಈ ಚಿಕಿತ್ಸೆಯ ಉದ್ದೇಶವು ಗಡ್ಡೆಯನ್ನು ತೆಗೆಯುವುದಲ್ಲ, ಅದರ ಬೆಳವಣಿಗೆಯನ್ನು ತಡೆಯುವುದಾಗಿರುತ್ತದೆ. ವಿಕಿರಣವು ಜೀವಕೋಶಗಳ ವಿಭಜನಾ ಶಕ್ತಿಯನ್ನು ಕುಂದಿಸುವುದರಿಂದ ಗಡ್ಡೆಯು ಬೆಳೆಯದೆ ನಿಲ್ಲುತ್ತದೆ ಅಥವಾ ವರ್ಷಗಳ ಅವಧಿಯಲ್ಲಿ ಕುಗ್ಗುತ್ತದೆ. ಚಿಕ್ಕ ವೆಸ್ಟಿಬ್ಯುಲಾರ್ ಶ್ವಾನೋಮಾಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಬೆಳವಣಿಗೆಯು ಹತೋಟಿಗೆ ಬರುತ್ತದೆ. ಮುಖದ ನರವು ಬಹುಪಾಲು ರೋಗಿಗಳಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ. ಆದರೆ ಶ್ರವಣಶಕ್ತಿಯು ಕಾಲಕ್ರಮೇಣ ಕಡಿಮೆಯಾಗುವ ಸಾಧ್ಯತೆಯಿದ್ದು, ಈ ಬಗ್ಗೆ ಚಿಕಿತ್ಸೆಗೆ ಮುನ್ನವೇ ವೈದ್ಯರಿಂದ ವಿವರ ಪಡೆಯತಕ್ಕದ್ದು. ಪಿಟ್ಯುಟರಿ ಗಡ್ಡೆಗೆ ಚಿಕಿತ್ಸೆ ಪಡೆದವರಲ್ಲಿ ಕೆಲವು ವರ್ಷಗಳ ನಂತರವೂ ಹಾರ್ಮೋನು ಕೊರತೆ ಉಂಟಾಗಬಹುದಾದ್ದರಿಂದ ನಿಯತವಾಗಿ ರಕ್ತಪರೀಕ್ಷೆ ಅವಶ್ಯಕ.

ಸಾರ್ವಜನಿಕರ ಗಮನಕ್ಕೆ:
1. ಒಂದೇ ಕಿವಿಯಲ್ಲಿ ಶ್ರವಣ ಕುಂದುವುದು ಅಥವಾ ಮೊರೆತ, ನಡೆಯುವಾಗ ತೂರಾಟ, ಮುಖದ ಜೋಮು, ವಸ್ತುಗಳು ಎರಡಾಗಿ ಕಾಣುವುದು, ಇವುಗಳನ್ನು ವಯಸ್ಸಿನ ತೊಂದರೆಯೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಗಡ್ಡೆಯು ಚಿಕ್ಕದಿರುವಾಗ ಪತ್ತೆಯಾದಲ್ಲಿ ಮಾತ್ರ ಎಲ್ಲಾ ಚಿಕಿತ್ಸಾ ಆಯ್ಕೆಗಳು ಲಭ್ಯವಿರುತ್ತವೆ.
2. ಚಿಕಿತ್ಸೆಯ ನಂತರದ ಮೊದಲ ಒಂದೆರಡು ವರ್ಷಗಳಲ್ಲಿ ಗಡ್ಡೆಯು ತಾತ್ಕಾಲಿಕವಾಗಿ ಊದಿಕೊಳ್ಳಬಹುದು. ಇದನ್ನು ಕೂಡಲೇ ವೈಫಲ್ಯವೆಂದು ಭಾವಿಸಿ ಗಾಬರಿಗೊಳ್ಳುವ ಅಗತ್ಯವಿಲ್ಲ.
3. ನೋವಿಲ್ಲವೆಂಬ ಕಾರಣಕ್ಕೆ ಮರುತಪಾಸಣೆಯನ್ನು ಬಿಡಬಾರದು. ವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ಎಂ.ಆರ್.ಐ. ಮಾಡಿಸಿ, ಹಳೆಯ ಚಿತ್ರಗಳನ್ನು ಹಾಗೂ ವರದಿಗಳನ್ನು ಜೋಪಾನವಾಗಿ ಇರಿಸಿಕೊಂಡು ಪ್ರತಿ ಭೇಟಿಯಲ್ಲೂ ಹಾಜರುಪಡಿಸತಕ್ಕದ್ದು. ಗಡ್ಡೆಯು ನಿಂತಿದೆಯೇ, ಬೆಳೆಯುತ್ತಿದೆಯೇ ಎಂಬುದು ಹೋಲಿಕೆಯಿಂದ ಮಾತ್ರ ತಿಳಿಯುತ್ತದೆ.

ವಿಶೇಷ ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಬಗ್ಗೆ ನರಶಸ್ತ್ರಚಿಕಿತ್ಸಾ ಹಾಗೂ ವಿಕಿರಣ ಚಿಕಿತ್ಸಾ ತಜ್ಞರ ಸಲಹೆಯೇ ಅಂತಿಮವಾಗಿರುತ್ತದೆ.