ಕ್ಷುದ್ರಗ್ರಹಕ್ಕೆ ಹೆಸರಿಡುವುದು ಹೇಗೆ?

ದುಡ್ಡು ಕೊಟ್ಟರೆ ಆಕಾಶಕಾಯಕ್ಕೆ ನಿಮ್ಮ ಮಗುವಿನ ಹೆಸರಿಟ್ಟು ಪ್ರಮಾಣಪತ್ರ ಕಳಿಸುತ್ತೇವೆ ಎನ್ನುವ ವೆಬ್‌ಸೈಟ್‌ಗಳಿವೆ. ಆ ಕಾಗದಕ್ಕೆ ಖಗೋಳ ವಿಜ್ಞಾನದಲ್ಲಿ ಯಾವ ಮಾನ್ಯತೆಯೂ ಇಲ್ಲ. ಆದರೆ ಬಿ.ಸಿ.ರೋಡ್‌ನ ಹೈಸ್ಕೂಲು ಮಕ್ಕಳೇ ಒಂದು ಕ್ಷುದ್ರಗ್ರಹ ಹುಡುಕಲು ದಾರಿ ಇದೆ. ಅದಕ್ಕೆ ಶುಲ್ಕವಿಲ್ಲ.

ಕ್ಷುದ್ರಗ್ರಹ, ಅಂದರೆ ಆಸ್ಟರಾಯ್ಡ್, ಸೂರ್ಯನನ್ನು ಸುತ್ತುವ ಕಲ್ಲು-ಲೋಹಗಳ ತುಂಡು. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವೆ. ಆ ವಲಯವೇ ಮೇನ್ ಬೆಲ್ಟ್, ಮುಖ್ಯ ಪಟ್ಟಿ.

ಹುಡುಕುವುದು ಹೇಗೆ? ಆಕಾಶದ ಒಂದೇ ಭಾಗದ ಫೋಟೋಗಳನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಜರುಗಿದ್ದರೆ ಅದರ ಬೆನ್ನು ಹತ್ತಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ 1988ರ ಫೆಬ್ರವರಿ 17ರಂದು ಕಂಡದ್ದು ಇಂಥದ್ದೇ ಚುಕ್ಕಿ. ಜಾಗ ತಮಿಳುನಾಡಿನ ಕಾವಲೂರು, ದೂರದರ್ಶಕ 45 ಸೆಂಟಿಮೀಟರಿನದು. 1885ರಲ್ಲಿ ಮದ್ರಾಸಿನಿಂದ ನಾರ್ಮನ್ ಪಾಗ್ಸನ್ 'ವೇರಾ' ಪತ್ತೆಮಾಡಿದ ಮೇಲೆ ನೂರು ವರ್ಷ ದಾಟಿ ಭಾರತಕ್ಕೆ ಸಿಕ್ಕಿದ ಕ್ಷುದ್ರಗ್ರಹವಿದು.

ಕಂಡ ಕೂಡಲೇ ಹೆಸರಿಡುವಂತಿಲ್ಲ. ಮೊದಲು ಸಿಗುವುದು ತಾತ್ಕಾಲಿಕ ಗುರುತು. ಇದಕ್ಕೆ ಸಿಕ್ಕಿದ್ದು '1988 ಡಿಕ್ಯೂ1'. 'ಡಿ' ಅಂದರೆ ಫೆಬ್ರವರಿಯ ಎರಡನೇ ಭಾಗ. 'ಕ್ಯೂ1' ಅಂದರೆ ಆ ಅವಧಿಯ ಪಟ್ಟಿಯಲ್ಲಿ 41ನೆಯದು. ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ನೋಡಿ ಅದರ ಕಕ್ಷೆ, ಅಂದರೆ ಸುತ್ತುವ ದಾರಿ, ಖಚಿತವಾದ ಮೇಲಷ್ಟೇ ಕಾಯಂ ಸಂಖ್ಯೆ. ಹೀಗೆ ಅದು 4130 ಆಯಿತು. ಗಣಿತಜ್ಞ ರಾಮಾನುಜನ್ ಹೆಸರು ಬಂದದ್ದು ಆಮೇಲೆ. ಹೆಸರಿಗಿಂತ ಈ ಸಂಖ್ಯೆಗೇ ಹೆಚ್ಚು ಬೆಲೆ ಎಂದು ನನಗನಿಸುತ್ತದೆ. ಕಲ್ಲು ಮತ್ತೆ ಕಳೆದುಹೋಗದು ಎಂಬ ಭರವಸೆ ಅದರಲ್ಲಿದೆ.

ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರಿಗೆ, ಸಂಖ್ಯೆ ಸಿಕ್ಕಿ 10 ವರ್ಷದವರೆಗೆ. ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹೆಸರು ಇಂಗ್ಲಿಷಿನಲ್ಲಿ 16 ಅಕ್ಷರ ಮೀರಬಾರದು, ಒಂದೇ ಪದವಾದರೆ ಒಳ್ಳೆಯದು. ಬೆಂಗಳೂರಿನ ಅದೇ ಸಂಸ್ಥೆಯ ವಿಜ್ಞಾನಿ ಜಯಂತ್ ಮೂರ್ತಿ ಅವರ ಹೆಸರಿನ 215884ನೇ ಕ್ಷುದ್ರಗ್ರಹವನ್ನು ಕೂಡಿಸಿ 'ಜಯಂತ್‌ಮೂರ್ತಿ' ಎಂದೇ ಬರೆಯುತ್ತಾರೆ. ಕಂಪನಿ, ಸರಕುಗಳ ಹೆಸರು ನಡೆಯದು. ರಾಜಕಾರಣಿಗಳ ಹೆಸರಿಡಲು ಅವರು ತೀರಿಕೊಂಡು 100 ವರ್ಷ ಕಳೆದಿರಬೇಕು. ತನ್ನದೇ ಹೆಸರಿಟ್ಟುಕೊಳ್ಳುವ ರೂಢಿ ಇಲ್ಲ.

ನಮ್ಮೂರಲ್ಲಿ ಜೂನ್‌ನಿಂದ ಮೋಡವೇ, ಟೆಲಿಸ್ಕೋಪ್ ಎಲ್ಲಿಂದ ತರುವುದು ಎಂದು ಕೇಳಬಹುದು. ಎರಡೂ ಅಡ್ಡಿಯಲ್ಲ. ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲಾಬೊರೇಷನ್ ಎಂಬ ಸಂಸ್ಥೆ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ವಿದ್ಯಾರ್ಥಿ ತಂಡಗಳಿಗೆ ಉಚಿತವಾಗಿ ಕಳಿಸುತ್ತದೆ. ವಿಂಡೋಸ್ ಕಂಪ್ಯೂಟರ್, ಇಂಟರ್‌ನೆಟ್ ಸಾಕು. ಆಸ್ಟ್ರೋಮೆಟ್ರಿಕಾ ಎಂಬ ಸಾಫ್ಟ್‌ವೇರ್‌ನಲ್ಲಿ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ, ಜರುಗುವ ಚುಕ್ಕಿಯನ್ನು ಗುರುತಿಸಿ ವರದಿ ಕಳಿಸಬೇಕು.

ಶಾಲೆಯ ವಿಜ್ಞಾನದ ಮೇಷ್ಟ್ರೋ ಟೀಚರೋ ತಂಡ ಕಟ್ಟಿ ಸಂಸ್ಥೆಯ ಜಾಲತಾಣದಲ್ಲಿ ನೋಂದಾಯಿಸಬೇಕು. ಎಂಟನೇ ತರಗತಿಯವರನ್ನೂ ಸೇರಿಸಿಕೊಳ್ಳಿ, ಯಾಕೆಂದರೆ ವರದಿಯಿಂದ ಕಾಯಂ ಸಂಖ್ಯೆಯವರೆಗೆ ಹಲವು ವರ್ಷ ಹಿಡಿಯುತ್ತದೆ. ಶುರುಮಾಡುವ ಮೊದಲು ಮಕ್ಕಳನ್ನು ಒಮ್ಮೆ ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಕರೆದೊಯ್ಯಿರಿ.